ನೀರಗಂಟಿ ಚೌರಪ್ಪನ ಭಯ

“ತಪ್ಪು ಮಾಡಿದರೆ ದೇವರು ಕಣ್ಣು ಕೀಳುತ್ತಾನೆ” ಎಂದು ಚಿಕ್ಕಂದಿನಲ್ಲಿ ನಮಗೆಲ್ಲ ಹಿರಿಯರು ಹೇಳುತ್ತಿದ್ದರು. ಹೌದೇ ಮಕ್ಕಳೇ? ಕಣ್ಣು ಕೊಟ್ಟವನೇ ಅದನ್ನು ಕೀಳಲು ಕಾದು ಕೂತಿರುತ್ತಾನೆಯೇ? ಹಾಗಾದರೆ ದೇವರಿಗೆ ಅಂಜಿ ನಡೆಯುವುದೆಂದರೆ ಏನು? ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ಹೊಂಬಾಳೆಪುರವೆಂಬ ರಾಜ್ಯದಲ್ಲೊಂದು ಕೆರೆ. ಕೆರೆಗೆ ಎರಡು ತೂಬು. ಹಿರಿತೂಬಿನ ನೀರು ಉಳ್ಳವರ ಗದ್ದೆಗೆ, ಕಿರುತೂಬಿನದು ಬಡ ವಿಧವೆಯರ ಗದ್ದೆಗೆ. ನೀರು ಬಿಡುವವನು ನೀರಗಂಟಿ ಚೌರಪ್ಪ. ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸದ ಕ್ರೈಸ್ತ. ಆದರೆ ಮಹಾ ಅಂಜುಬುರುಕ.

ಆ ವಿಧವೆಯರ ಗದ್ದೆಗಳ ಮೇಲೆ ಮಂತ್ರಿ ಕೆಂಚರಾಯನಿಗೆ ಆಸೆ. ಪೈರು ಒಣಗಿದರೆ ಅವರು ಊರು ಬಿಡುತ್ತಾರೆ, ನೆಲ ತನ್ನದಾಗುತ್ತದೆ ಎಂದುಕೊಂಡ.

ಮೊದಲ ದಿನ ಜರಿಶಾಲು ತಂದ. “ಚೌರಪ್ಪ, ಕಿರುತೂಬು ಮುಚ್ಚು. ಶಾಲು ನಿನ್ನದು.”

“ಬೇಡ ಬುದ್ಧಿ, ದೇವರಿಗೆ ಅಂಜುತ್ತೇನೆ.”

ಎರಡನೆಯ ದಿನ ಚಾವಟಿ ತಂದ. “ಮುಚ್ಚುತ್ತೀಯೋ, ಬೆನ್ನು ಸುಲಿಯಲೋ?”

ಚೌರಪ್ಪನ ಮೊಣಕಾಲು ಗಡಗಡ ನಡುಗಿದವು. “ಬೇಡ ಬುದ್ಧಿ, ದೇವರಿಗೆ ಅಂಜುತ್ತೇನೆ.”

ಮೂರನೆಯ ದಿನ ದೇವರನ್ನೇ ತಂದ! “ದೊಡ್ಡವರ ಮಾತು ಮೀರಿದರೆ ದೇವರು ನರಕಕ್ಕೆ ನೂಕುತ್ತಾನೆ. ದೇವಭಯವಿದ್ದರೆ ನಾಳೆ ಮುಚ್ಚು. ಯಾರಿಗೂ ಹೇಳಬೇಡ.”

ಆ ರಾತ್ರಿ ಮನೆಯಲ್ಲಿ ಚೌರಪ್ಪ ಉಣ್ಣದೆ ಕೂತ.

“ಏನ್ರೀ, ಮುದ್ದೆ ನಿಮ್ಮನ್ನು ಕಚ್ಚುತ್ತದೆಯೇ? ಹಾಗೇಕೆ ನೋಡುತ್ತೀರಿ?” ಎಂದಳು ಹೆಂಡತಿ ಜ್ಞಾನಮ್ಮ.

ಅವನು ಎಲ್ಲ ಹೇಳಿದ. “ಮುಚ್ಚದಿದ್ದರೆ ಮಂತ್ರಿ ನನ್ನನ್ನು ಉಳಿಸುವುದಿಲ್ಲ ಕಣೇ.”

“ಮುಚ್ಚಿದರೆ?”

ಚೌರಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. “ಆ ಮನೆಗಳ ಮಕ್ಕಳು ಹಸಿಯುತ್ತವೆ. ಆಮೇಲೆ ದೇವರನ್ನು ತಂದೆಯೇ ಎಂದು ಯಾವ ಬಾಯಲ್ಲಿ ಕರೆಯಲಿ? ದೇವರು ಹೊಡೆದಾನೆಂದು ಹೆದರುತ್ತಿಲ್ಲ. ಅಷ್ಟು ಪ್ರೀತಿಸಿದವನ ಮನಸ್ಸು ನೋಯಿಸಲು ಭಯ.”

“ಆ ಭಯ ನಿಮ್ಮಲ್ಲೇ ಇರಲಿ. ಮಂತ್ರಿಯ ಭಯ ನನಗೆ ಬಿಡಿ, ಮುದ್ದೆ ನುಂಗಿ” ಎಂದವಳೇ ತಮಟೆಯವನ ಮನೆಗೆ ನಡೆದಳು.

ಬೆಳಗಾದೊಡನೆ ಡಂಗುರ: “ಕೇಳ್ರಪ್ಪೋ ಕೇಳಿ! ಮಂತ್ರಿಗಳು ದೇವರ ಹೆಸರಲ್ಲಿ ಕಿರುತೂಬು ಮುಚ್ಚಿಸುತ್ತಾರೆ! ಎಲ್ಲರೂ ಬಂದು ನೋಡಿ!”

ಊರೆಲ್ಲ ಕೆರೆಯ ಬಳಿ ಬಂತು. ದೊರೆಯೂ ಬಂದ. ಕೆಂಚರಾಯ ಬೆವರುತ್ತ ಜನರನ್ನು ನೂಕಿಕೊಂಡು ಬಂದು ಕೂಗಿದ: “ಎಲವೋ ಚೌರ, ಯಾರಿಗೂ ಹೇಳಬೇಡ ಎಂದಿರಲಿಲ್ಲವೇ!”

“ದೇವರಿಗೆ ಗೊತ್ತಿರುವುದು ದೊರೆಗೂ ಗೊತ್ತಾದರೆ ಏನು ಬುದ್ಧಿ?” ಎಂದಳು ಜ್ಞಾನಮ್ಮ.

ಜನ ಗೊಳ್ಳೆಂದು ನಕ್ಕರು. ಆಗ ಕೆಂಚರಾಯನಿಗೆ ದೊರೆ ಕಂಡ. ತನ್ನ ಬಾಯೇ ತನ್ನನ್ನು ಹಿಡಿದುಕೊಟ್ಟಿತ್ತು. ದೊರೆ ಅವನ ಬೆರಳಿನಿಂದ ಮಂತ್ರಿಪದವಿಯ ಮುದ್ರೆಯುಂಗುರವನ್ನು ಅಲ್ಲೇ ಕಳಚಿಸಿಕೊಂಡ. ಕಿರುತೂಬಿನ ಕಾಲುವೆಯಲ್ಲಿ ನೀರು ಜುಳುಜುಳು ಹರಿಯುತ್ತಲೇ ಇತ್ತು. ವಿಧವೆಯರು ಸೆರಗಿನಿಂದ ಮುಖ ಒರೆಸಿಕೊಂಡರು. ಚೌರಪ್ಪನಿಗೆ ಮೂರು ದಿನದ ಉಸಿರು ಒಮ್ಮೆಗೇ ಹೊರಬಂತು.

ನೋಡಿದಿರಾ ಮಕ್ಕಳೇ, ಪ್ರೀತಿಸುವ ತಂದೆಯನ್ನು ನೋಯಿಸಬಾರದೆಂಬ ಎಚ್ಚರವೇ ದೇವಭಯ. ಅದಿದ್ದವನ ಮೊಣಕಾಲು ನಡುಗಬಹುದು, ಕೈ ಮಾತ್ರ ಅನ್ಯಾಯ ಮಾಡದು.

ಚೌರಪ್ಪ ಕೆರೆಯ ಏರಿ ಹತ್ತಿದ. ಕಾಲು ಇನ್ನೂ ನಡುಗುತ್ತಿತ್ತು, ದನಿ ನಡುಗಲಿಲ್ಲ. “ಎಲ್ಲರೂ ಕೇಳಿ. ಇಂದಿನಿಂದ ತೂಬು ತೆರೆಯುವುದೂ ಮುಚ್ಚುವುದೂ ಊರೆದುರಿಗೇ. ಪ್ರತಿ ಸಲವೂ ಮೊದಲು ತೆರೆಯುವುದು ಕಿರುತೂಬು.”