ಮಂದಿಬೇಲಿಗೆ ಆ ಹೆಸರು ಬಂದ ಬಗೆ

ಎರೆಸೀಮೆಯ ಬಯಲಿನಲ್ಲಿ ದೊಡ್ಡ ರಸ್ತೆ ಬಿಟ್ಟು ಎರಡು ಹರದಾರಿ ಒಳಗೆ ನಡೆದರೆ ಮಂದಿಬೇಲಿ ಎಂಬ ಊರು ಸಿಗುತ್ತದೆ. ಅರವತ್ತು ಮನೆ, ಒಂದು ಶಾಲೆ, ಒಂದು ಚಹಾದಂಗಡಿ. ಊರಿನ ಮೂಡಲಿಗೆ ಚಿಗರಿಗಳ ಹುಲ್ಲುಗಾವಲು. ಚಿಗರಿಯೆಂದರೆ ಕೃಷ್ಣಮೃಗ, ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು. ಚಳಿಗಾಲದ ಬೆಳಗ್ಗೆ ನೂರಿನ್ನೂರು ಚಿಗರಿಗಳು ಒಂದೇ ಸಲ ನೆಗೆಯುವುದನ್ನು ನೋಡಲು ಪಟ್ಟಣದವರು ಕಾರು ಮಾಡಿಕೊಂಡು ಬರುತ್ತಾರೆ. ಬಂದವರು ಚಹಾ ಕುಡಿಯುತ್ತ, ಮುಳ್ಳುಬೇಲಿ ಕೇಳಿದ್ದೇವೆ, ತಂತಿಬೇಲಿ ಕೇಳಿದ್ದೇವೆ, ಇದೆಂಥ ಬೇಲಿ ಎಂದು ನಗುತ್ತಾರೆ. ಅಂಗಡಿಯವನು ತನಗೆ ತೋಚಿದ್ದನ್ನು ಹೇಳಿ ಸಾಗಹಾಕುತ್ತಾನೆ. ಅವನ ಕತೆಗಳು ಇಲ್ಲಿ ಬೇಡ. ನಾನು ಈ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಐದಾರು ಮುದುಕಿಯರು ಬೇರೆ ಬೇರೆ ಕಾಲದಲ್ಲಿ ಒಂದೇ ಬಗೆಯಾಗಿ ಹೇಳಿದ್ದನ್ನು ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ದೇಸಾಯಿ ಆಳುತ್ತಿದ್ದನಂತೆ. ಅವನ ವಾಡೆಯಲ್ಲಿ ಪಳಗಿಸಿದ ಆರು ಸಿವಂಗಿಗಳಿದ್ದವು, ಈಗಿನವರು ಚೀತಾ ಎನ್ನುತ್ತಾರೆ. ಓಟದಲ್ಲಿ ಚಿಗರಿಯನ್ನು ಮೀರಿಸುವ ಆ ಬೇಟೆಮೃಗಗಳನ್ನು ವರ್ಷಕ್ಕೊಮ್ಮೆ ನೆಂಟರ ಮುಂದೆ ಹಿಂಡಿನ ಮೇಲೆ ಬಿಟ್ಟು ನೋಡುವುದು ಅವನಿಗೆ ದೊಡ್ಡ ಸಡಗರ. ಆ ಒಂದು ದಿನದ ಸಲುವಾಗಿ ಉಳಿದ ದಿನವೆಲ್ಲ ಒಕ್ಕಲು ಮಂದಿ ಚಿಗರಿಗಳಿಗೆ ತಲೆಬಾಗಬೇಕು. ಕಲ್ಲು ಬೀಸಿದವನ ಕೈ ಕಡಿಯುವುದು, ನಾಯಿ ಬಿಟ್ಟವನ ಎತ್ತು ಹೊಡೆದುಕೊಂಡು ಹೋಗುವುದು, ಮುಳ್ಳು ಹಚ್ಚಿದವನ ಹೊಲವನ್ನು ಹುಲ್ಲುಗಾವಲಿಗೆ ಸೇರಿಸುವುದು ಎಂದು ಡಂಗುರ ಸಾರಿಸಿದ್ದ. ಬೆದರಿದ ಮೃಗ ಸೀಮೆ ಬಿಟ್ಟು ಹೋಗುತ್ತದೆಂದು ಕೂಗು ಹಾಕುವುದನ್ನೂ ನಿಲ್ಲಿಸಿದ್ದ. ಕೊಲ್ಲುವುದಕ್ಕಾಗಿಯೇ ಕಾಯುವ ಈ ಬಗೆಯ ಕರುಣೆ ನನಗೆ ಇಂದಿಗೂ ಅರ್ಥವಾಗಿಲ್ಲ.

ಚಿಗರಿ ತಿನ್ನುವುದು ಎಳೆಯ ಪೈರನ್ನು. ಜೋಳ ಅದರ ಕಣ್ಣಿಗಿಂತ ಎತ್ತರವಾದರೆ ಸುತ್ತ ಏನೂ ಕಾಣದೆಂದು ಒಳಗೆ ಹೋಗಲು ಅಂಜುತ್ತದೆ. ಹಾಗಾಗಿ ಮೊಳಕೆ ಒಡೆದ ಮೇಲೆ ನಲವತ್ತು ದಿನ ಕಾದರೆ ಬೆಳೆ ಉಳಿಯಿತು. ಆದರೆ ಕಲ್ಲಿಲ್ಲದೆ, ಕೂಗಿಲ್ಲದೆ ಕಾಯುವುದು ಹೇಗೆ? ಮೂರು ವರ್ಷ ಬಿತ್ತಿದ್ದೆಲ್ಲ ಮಣ್ಣಿನ ಮಟ್ಟಕ್ಕೆ ಮೇಯ್ದು ಹೋಯಿತು. ಕಾಳು ತುಂಬಿಡುವ ಹಗೇವುಗಳು ಬರಿದಾದವು. ನಾಲ್ಕನೆಯ ವರ್ಷ ಇಪ್ಪತ್ತೆಂಟು ಮನೆಯವರು ಉಳಿದ ಬೀಜವನ್ನೆಲ್ಲ ಒಂದೆಡೆ ಸುರಿದಾಗ ಒಂದು ಹೊಲಕ್ಕೆ ಸಾಲುವಷ್ಟಾಯಿತು. ಅದನ್ನೇ ಬಿತ್ತಿದರು. ಅದೂ ಹೋದರೆ ಮರುವರ್ಷಕ್ಕೆ ಬೀಜವಿಲ್ಲ, ಊರು ಗಂಟುಮೂಟೆ ಕಟ್ಟುವುದೊಂದೇ ದಾರಿ.

ಊರಗೌಡನಾದ ಅಡಿವೆಪ್ಪ, ಚಿಗರಿ ಕಡಿದ ಪೈರನ್ನು ವಲ್ಲಿಯಲ್ಲಿ ಕಟ್ಟಿಕೊಂಡು ವಾಡೆಗೆ ಹೋದ. ದೇಸಾಯಿಯ ದರ್ಶನವಾಗಲಿಲ್ಲ. ಬೇಟೆಯ ಉಸ್ತುವಾರಿ ನೋಡುವ ಅಧಿಕಾರಿ ಎಲೆಯಡಿಕೆ ಮೆಲ್ಲುತ್ತ, "ಕಲ್ಲು ಬ್ಯಾಡ, ನಾಯಿ ಬ್ಯಾಡ, ಬೇಲಿ ಬ್ಯಾಡ, ಅದು ಧಣ್ಯಾರ ಹುಕುಂ. ನಿಮ್ಮ ಹೊಲದಾಗ ನೀವು ನಿಂತ್ರ ಯಾರು ಬ್ಯಾಡ ಅಂತಾರ? ನಿಂದರ್ರಿ ಹೋಗ್ರಿ" ಎಂದ. ಸುತ್ತಲಿದ್ದವರು ನಕ್ಕರು. ಅಡಿವೆಪ್ಪ ನಗಲಿಲ್ಲ. ಗೇಲಿಯ ಮಾತನ್ನು ಅಪ್ಪಣೆಯೆಂದೇ ಹೊತ್ತು ತಂದು ಚಾವಡಿಯ ಮುಂದೆ, "ನಾಳಿಂದ ನಿಂದರೂಣು" ಎಂದ.

ಮರುದಿನ ಬೆಳಕು ಹರಿಯುವ ಮೊದಲೇ ಊರಿಗೆ ಊರೇ ಹೊಲದ ಅಂಚಿನಲ್ಲಿ ಸುತ್ತಲೂ ನಿಂತಿತು. ಮುದುಕರು, ಬಾಣಂತಿಯರು, ಚಿಕ್ಕ ಮಕ್ಕಳು ಮಾತ್ರ ಮನೆಯಲ್ಲಿ. ಒಬ್ಬರಿಂದ ಒಬ್ಬರಿಗೆ ಐದಾರು ಹೆಜ್ಜೆ. ಸದ್ದಿಲ್ಲ, ಕೈಯಲ್ಲೊಂದು ಕಡ್ಡಿಯಿಲ್ಲ. ಹಿಂಡು ಬಂದಿತು, ನೋಡಿತು, ತಿರುಗಿತು. ಹೊತ್ತೇರಿದ ಮೇಲೆ ಮಂದಿ ಕೂಲಿಗೆ ಹೋಗುವರು, ಸಂಜೆ ಚಿಗರಿ ಮೇವಿಗೆ ಇಳಿಯುವ ವೇಳೆಗೆ ಮತ್ತೆ ಬಂದು ನಿಲ್ಲುವರು. ಹೀಗೆ ಹದಿನೈದು ದಿನ ನಡೆಯಿತು. ಊರಿನವರ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು ಎನ್ನುತ್ತಾರೆ.

ಅವರು ತಿಳಿಯದೆ ಹೋದದ್ದು ಒಂದೇ. ಬೆದರಿಸದ ಮನುಷ್ಯನಿಗೆ ಮೃಗ ಎಷ್ಟು ದಿನ ಬೆದರೀತು? ಹದಿನಾರನೆಯ ದಿನ ಒಂದು ಹೆಣ್ಣುಚಿಗರಿ ಇಬ್ಬರ ನಡುವೆ ಸುಮ್ಮನೆ ನಡೆದು ಒಳಗೆ ಹೋಗಿ ಮೇಯತೊಡಗಿತು. ಮರುದಿನ ಹತ್ತು, ಅದರ ಮರುದಿನ ನಲವತ್ತು. ಚಿಗರಿಯನ್ನೂ ದೂರುವಂತಿಲ್ಲ, ಹುಲ್ಲುಗಾವಲು ಆಗಲೇ ಒಣಗಿತ್ತು. ಮಂದಿ ಹತ್ತಿರ ಹತ್ತಿರ ಸರಿದು ಒಬ್ಬರ ಕೈ ಒಬ್ಬರು ಹಿಡಿದರು. ಕೈ ಹಿಡಿದರೆ ಸುತ್ತು ಕಿರಿದಾಗುತ್ತದೆ. ಅಂಚಿನ ಸಾಲುಗಳನ್ನು ಕಣ್ಣೆದುರೇ ಬಿಟ್ಟುಕೊಟ್ಟು, ನಡುವಿನ ಮೂರನೆಯ ಒಂದು ಪಾಲನ್ನು ಬಳಸಿ ನಿಂತರು. ಬಿಟ್ಟುಕೊಟ್ಟ ಪೈರನ್ನು ಹಿಂಡು ಮೇಯುವ ಸದ್ದು ಅವರಿಗೆ ಎದುರಿಗೇ ಕೇಳುತ್ತಿತ್ತು.

ಆ ಊರಲ್ಲಿ ನೀಲಗಂಗವ್ವ ಎಂಬ ಮುದುಕಿಯಿದ್ದಳು. ಆಕೆಯ ಮಗ ಹಿಂದಿನ ವರ್ಷ ಕವಣೆ ಬೀಸಿ ಬಲಗೈ ಕಳೆದುಕೊಂಡವನು. ಬರಿದೇ ನಿಲ್ಲುವ ದಿನಗಳಲ್ಲಿ ಅವನೂ ನಿಂತಿದ್ದ. ಕೈ ಕೈ ಹಿಡಿಯುವ ಸಾಲಿನಲ್ಲಿ ನಿಲ್ಲುವುದು ಅವನಿಂದ ಆಗದಾಯಿತು. ಅವನ ಜಾಗಕ್ಕೆ ತಾಯಿ ಬಂದಳು. ಆಕೆಯ ಬಲಕ್ಕೆ ಸೊಸೆ ಫಕೀರವ್ವ, ಎಡಕ್ಕೆ ಬಡಿಗೇರ ಮನೆಯ ಹೆಣ್ಣುಮಗಳು. ಅರೆಹೊಟ್ಟೆಯಲ್ಲಿ ಹನ್ನೆರಡು ದಿನ ನಿಂತಳು. ಮೊಳಕೆ ಒಡೆದ ಮೂವತ್ತೊಂದನೆಯ ಬೆಳಗ್ಗೆ ಕಾಲು ಸೋತು ಕುಸಿದಳು. ಎದುರಿಗೆ ಎಂಟು ಹೆಜ್ಜೆ ದೂರದಲ್ಲಿ ಹಿಂಡು ನಿಂತಿತ್ತು.

"ಕೈ ಬಿಡವಾ, ಫಕೀರವ್ವ" ಎಂದಳು ಅತ್ತೆ.

"ಬಿಡಂಗಿಲ್ಲ, ಅತ್ತಿ."

"ನನ್ನ ಹಿಡಕೊಂಡು ಕುಂತ್ರ ಹಾದಿ ಬಿಟ್ಟಂಗ ಆಕ್ಕತಿ. ಆಕಿ ಕೈ ಹಿಡಿ."

ಫಕೀರವ್ವ ಬಿಟ್ಟಳು. ಬಿದ್ದವಳ ಮೇಲೆ ಕೈ ಚಾಚಿ ಬಡಿಗೇರ ಹೆಣ್ಣುಮಗಳ ಕೈ ಹಿಡಿದಳು. ಸುತ್ತು ಕೂಡಿಕೊಂಡಿತು. ಆ ದಿನವೇ ಹಿಂಡು ಬೇಗ ಹೋಗಲಿಲ್ಲ. ಸೂರ್ಯ ನೆತ್ತಿಗೆ ಬರುವವರೆಗೂ ಅಲ್ಲೇ ಸುಳಿದಾಡಿತು. ಕೂಡಿದ ಆ ಎರಡು ಕೈಗಳ ಕೆಳಗೆ ನೀಲಗಂಗವ್ವ ಮಲಗಿದ್ದಳು. ಎರಡು ಸಲ ನೀರು ಕೇಳಿದಳು ಎನ್ನುತ್ತಾರೆ. ಫಕೀರವ್ವ ಕೆಳಗೆ ನೋಡಲಿಲ್ಲ. ನೋಡಿದ್ದರೆ ಬಗ್ಗುತ್ತಿದ್ದಳು. ಹಿಂಡು ಹೋದ ಮೇಲೆ ಬಗ್ಗಿದಾಗ ಮುದುಕಿಯ ಮೈ ತಣ್ಣಗಾಗಿತ್ತು.

ಅಂದೇ ಮಣ್ಣು ಮಾಡಿದರು, ಸಂಜೆ ಮತ್ತೆ ಬಂದು ನಿಂತರು. ಇನ್ನು ಒಂಬತ್ತು ದಿನ ನಿಂತರು. ಜೋಳ ಎದೆ ಮುಟ್ಟಿತು, ತೆನೆ ಹಿರಿಯಿತು, ಇಪ್ಪತ್ತೆಂಟು ಮನೆಗೂ ಬಿತ್ತನೆಯ ಕಾಳು ಸಿಕ್ಕಿತು. ಊರು ಉಳಿಯಿತು. ದಾರಿಹೋಕರು ಕಂಡದ್ದನ್ನೇ ಹೆಸರು ಮಾಡಿ ಕರೆದರು. ಅದಕ್ಕೆ ಮೊದಲು ಊರಿಗೆ ಏನು ಹೆಸರಿತ್ತೋ ಈಗ ಯಾರಿಗೂ ಗೊತ್ತಿಲ್ಲ. ಫಕೀರವ್ವ ಬಹಳ ವರ್ಷ ಬಾಳಿದಳಂತೆ. ಬಳೆಗಾರ ಬಂದಾಗ ಬಲಗೈಯನ್ನಷ್ಟೇ ಮುಂದೆ ಮಾಡುತ್ತಿದ್ದಳು. ಅತ್ತೆಯ ಕೈ ಹಿಡಿದಿದ್ದ ಎಡಗೈಯನ್ನು ಯಾರಿಗೂ ಹಿಡಿಯಗೊಡಲಿಲ್ಲ.

ಈಗ ದೇಸಾಯಿಯಿಲ್ಲ, ಸಿವಂಗಿಗಳೂ ಇಲ್ಲ. ಚಿಗರಿಗಳನ್ನು ಕಾಯಲು ಸರಕಾರದ ಕಾನೂನಿದೆ. ಅದು ಒಳ್ಳೆಯದೇ, ನಾನೂ ಮಕ್ಕಳಿಗೆ ಹಾಗೆಯೇ ಕಲಿಸಿದ್ದೇನೆ. ಆದರೆ ಎಳೆಯ ಪೈರಿನ ರುಚಿ ಚಿಗರಿಗೆ ಮರೆತಿಲ್ಲ, ನಮ್ಮವರಿಗೂ ಬೇರೆ ಹೊಲವಿಲ್ಲ. ಊರಿನ ಮೂಡಲಿಗೆ ಹೋದರೆ ಚೌಕಟ್ಟಾದ ಹೊಲಗಳ ನಡುವೆ ಒಂದೇ ಒಂದು ದುಂಡಗಿನ ಹೊಲ ಕಾಣುತ್ತದೆ. ಅಂದು ಮಂದಿ ನಿಂತ ಸುತ್ತು ಅದೇ. ಹಿಂಗಾರಿಯ ಮೊಳಕೆ ಒಡೆದ ದಿನಗಳಲ್ಲಿ ಬೆಳಗಿನ ಮಂಜಿನಲ್ಲಿ ಬಂದವರು ಅದರ ಅಂಚಿನಲ್ಲಿ ಸಾಲಾಗಿ ನಿಂತ ಆಕಾರಗಳನ್ನು ನೋಡಿ ಬೆದರುಬೊಂಬೆಗಳೆಂದು ತಿಳಿದು ಫೋಟೊ ತೆಗೆಯುತ್ತಾರೆ. ಹತ್ತಿರ ಹೋದ ಮೇಲೆ ಮನುಷ್ಯರೆಂದು ತಿಳಿದು, ನಾಚಿ, ಕೈ ಬೀಸುತ್ತಾರೆ. ಆ ಕಡೆಯಿಂದ ಯಾರೂ ಕೈ ಬೀಸುವುದಿಲ್ಲ. ಬಂದವರು ಅದನ್ನು ಬಿಗುಮಾನ ಎಂದುಕೊಂಡು ಹೋಗುತ್ತಾರೆ. ನಿಂತವರ ಎರಡೂ ಕೈಗಳು ಅಕ್ಕಪಕ್ಕದವರ ಕೈಯಲ್ಲಿರುತ್ತವೆ.