ಬೆಚ್ಚನೆಯ ಬಾನೆಟ್ಟು

ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬೂದು ಬೆಕ್ಕೊಂದು ತನ್ನ ಮರಿಯೊಂದಿಗೆ ಸಂಸಾರ ಹೂಡಿತ್ತು. ಕಾರುಗಳ ವಿಷಯದಲ್ಲಿ ಅಲ್ಲಿನ ನಾಯಿಗೂ ಅಳಿಲಿಗೂ ಅದರ ಮಾತೇ ವೇದವಾಕ್ಯ. ಹೊಸದಾಗಿ ಬಂದ ಎಲೆಕ್ಟ್ರಿಕ್ ಕಾರನ್ನು ಕಂಡರೆ ಮಾತ್ರ ಅದಕ್ಕೆ ಮೈಯೆಲ್ಲ ಉರಿ.

"ಅದರ ಹತ್ತಿರ ಸುಳಿಯಬೇಡಿ. ಬ್ಯಾಟರಿ ಸಿಡಿಯುತ್ತದೆ. ನಡುದಾರಿಯಲ್ಲಿ ಕೈಕೊಡುತ್ತದೆ. ಮಾರಹೊರಟರೆ ಕೇಳುವವರಿಲ್ಲ," ಎಂದು ಕಂಡಕಂಡವರಿಗೆಲ್ಲ ಸಾರುತ್ತಿತ್ತು. ನಾಯಿ ಆ ಮೂಲೆಯನ್ನೇ ಬಿಟ್ಟಿತು. ಅಳಿಲು ದಾರಿ ಬದಲಿಸಿತು. ಮರಿಯೊಂದೇ ತಾವು ಮಲಗುವ ಡೀಸೆಲ್ ಕಾರಿನ ಹೊಗೆ ಕುಡಿದು ಕೆಮ್ಮುತ್ತಾ, "ಅಮ್ಮಾ, ಆ ಹೊಸ ಕಾರಿನ ಪಕ್ಕ ಮಲಗೋಣವೇ? ಅಲ್ಲಿ ಹೊಗೆಯಿಲ್ಲ," ಎಂದು ದಿನವೂ ಬೇಡುತ್ತಿತ್ತು.

"ಸುಟ್ಟು ಬೂದಿಯಾಗುತ್ತೀಯೆ, ಸುಮ್ಮನಿರು," ಎಂದು ಬೆಕ್ಕು ಮರಿಯ ಮುಖ ನೋಡದೆ ಗದರುತ್ತಿತ್ತು.

ಒಂದು ಬೆಳಿಗ್ಗೆ ಮರಿಯ ಕೆಮ್ಮು ಕೇಳಲಾರದೆ ಎಲೆಕ್ಟ್ರಿಕ್ ಕಾರೇ ಬಾಯಿಬಿಟ್ಟಿತು. "ಅಕ್ಕಾ, ಇಷ್ಟೆಲ್ಲ ಹೇಳುತ್ತೀಯಲ್ಲ, ಒಂದು ದಿನವಾದರೂ ನನ್ನ ಹತ್ತಿರ ಬಂದು ನೋಡಿದ್ದೀಯಾ?"

ಬೆಕ್ಕು ಬಾಲ ನಿಮಿರಿಸಿತು. "ನೋಡದೆ ಹೇಳುವವಳಲ್ಲ ನಾನು! ಬಂದ ದಿನವೇ, ನೀನು ಊರು ಸುತ್ತಿ ಬಂದು ನಿಂತ ಕೂಡಲೇ, ನಿನ್ನ ಬಾನೆಟ್ಟಿನ ಮೇಲೆ ಹತ್ತಿ ಮಲಗಿದ್ದೆ. ಕಲ್ಲಿನ ಹಾಗೆ ತಣ್ಣಗಿದ್ದೆ ನೀನು! ಡೀಸೆಲ್ ಕಾರಿನ ಬಾನೆಟ್ಟು ಎಷ್ಟು ಬೆಚ್ಚಗಿರುತ್ತದೆ, ಗೊತ್ತೇ?"

ಆಡಿ ಮುಗಿಸಿದ ಮೇಲಷ್ಟೇ ತಾನು ಆಡಿದ್ದೇನೆಂದು ಬೆಕ್ಕಿಗೆ ಕೇಳಿಸಿತು.

"ಹಾಗಾದರೆ ಅದು ಸಿಡಿಯಲಿಲ್ಲವೇ, ಅಮ್ಮಾ?" ಎಂದು ಮರಿ ಕೇಳಿತು. ಮತ್ತೆ ಕೆಮ್ಮಿತು.

ಬೆಕ್ಕು ಆಗಲೇ ಶುಭ್ರವಾಗಿದ್ದ ತನ್ನ ಪಂಜವನ್ನು ನೆಕ್ಕುತ್ತ ಕೂತಿತು.