ಉಬ್ಬುವ ಮೀನು, ಎರಡು ನೀರುನಾಯಿ

"ಸರ್, ಎಚ್‌ಐವಿ ವೈರಸ್ಸಿನ ಮೈಮೇಲಿನ ಪ್ರೋಟೀನನ್ನು ಇಲಿಗಳಿಗೆ ಚುಚ್ಚಿದೆ. ಪ್ರತಿಕಾಯಗಳೇನೋ ರಾಶಿರಾಶಿ ಹುಟ್ಟಿವೆ, ಒಂದೂ ವೈರಸ್ಸನ್ನು ತಡೆಯುತ್ತಿಲ್ಲ. ಈ ಇಲಿಗಳನ್ನು ನಂಬಿ ಲಸಿಕೆ ಮಾಡುವುದು ಸಾಧ್ಯವೇ?" ಎಂದು ಚೈತ್ರಾ ಕೇಳಿದಳು. ನಾಲ್ಕು ವರ್ಷದ ಸಂಶೋಧನೆ ಅದು. ಬಿಟ್ಟುಹೋಗುವ ಪತ್ರವನ್ನು ಬರೆದೇ ತಂದಿದ್ದಳು.

ಅವಳ ಮಾರ್ಗದರ್ಶಕ ಬಾಳಿಗ ಮೇಷ್ಟ್ರು ಪತ್ರ ಓದಲಿಲ್ಲ. ಅದರ ಮೇಲೆ ಚಹಾದ ಲೋಟ ಇಟ್ಟು ಕತೆ ಶುರುಮಾಡಿದರು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಎಲ್ಲವೂ ತಾವೇ ಕಣ್ಣಾರೆ ಕಂಡದ್ದು, ಆಗ ತಾವಿನ್ನೂ ಹುಟ್ಟಿರಲಿಲ್ಲ ಅಷ್ಟೇ ಎಂದರು.

ನದಿ ಕಡಲು ಸೇರುವ ಅಳಿವೆಯ ಬಳಿ ಒಬ್ಬ ಮೀನುಗಾರನಿದ್ದ. ಇದ್ದದ್ದು ಒಂದೇ ಬಲೆ. ಅದರ ಕಾವಲಿಗೆ ಎರಡು ನೀರುನಾಯಿಗಳನ್ನು ಸಾಕಿದ್ದ. ಬುದ್ಧಿಯಲ್ಲಿ ಅವು ಮೇಷ್ಟ್ರಿಗಿಂತ ಕೂದಲೆಳೆಯಷ್ಟೇ ಕಡಿಮೆ. ಒಂದು ಜಾತಿಯ ಮೀನು ದಿನವೂ ಬಂದು ಬಲೆಯನ್ನು ಹಲ್ಲಿನಿಂದ ಕತ್ತರಿಸುತ್ತಿತ್ತು. ಹೀಗೇ ಇನ್ನೊಂದು ವಾರ ಹೋದರೆ ಬಲೆಯೂ ಇಲ್ಲ, ಮನೆಯಲ್ಲಿ ಗಂಜಿಯೂ ಇಲ್ಲ. ಮೀನುಗಾರ ಅಂಥದ್ದೊಂದು ಮೀನನ್ನು ಹಿಡಿದು ಮೇಲೆತ್ತಿದ. ಕೈ ತಾಗಿದ್ದೇ ತಡ, ಅದು ಉಬ್ಬಿ ಚೆಂಡಾಯಿತು. ಇವನೇ ಕಳ್ಳ, ನೋಡಿಟ್ಟುಕೊಳ್ಳಿ ಎಂದು ನೀರುನಾಯಿಗಳಿಗೆ ಆ ಚೆಂಡನ್ನೇ ತೋರಿಸಿದ.

ಅವು ಹಗಲೆಲ್ಲ ಮುಳುಗಿ ಎದ್ದವು. ದುಂಡಗಿದ್ದದ್ದೆಲ್ಲ ದಡಕ್ಕೆ ಬಂತು. ತೇಲಿಬಂದ ತೆಂಗಿನಕಾಯಿ ಅರವತ್ತು, ತಾಮ್ರದ ಚೊಂಬು ಒಂದು, ಕೊನೆಗೆ ಮೀಯಲು ಇಳಿದಿದ್ದ ಬೋಳುತಲೆಯ ವ್ಯಾಪಾರಿಯೊಬ್ಬ. ಕಳ್ಳಮೀನು ಅವುಗಳ ಮೀಸೆಯಡಿಯಲ್ಲೇ ಉಬ್ಬದೆ ಸಪೂರವಾಗಿ ಈಜಿಹೋಗಿ ಬಲೆ ಕತ್ತರಿಸಿತು.

ಈ ದಂಡಪಿಂಡಗಳನ್ನು ಓಡಿಸುವುದೇ ಮೇಲೆಂದು ಮೀನುಗಾರ ಕೋಲೆತ್ತಿದ. ವ್ಯಾಪಾರಿ ತಲೆ ಒರೆಸಿಕೊಳ್ಳುತ್ತಾ, ಬುಟ್ಟಿಯಲ್ಲಿ ಉಬ್ಬಿ ಕೂತಿದ್ದ ಮೀನನ್ನು ತೋರಿಸಿ ಕೇಳಿದ, "ಅವಕ್ಕೆ ಯಾಕೆ ಹೊಡೀತೀ ಮಾರಾಯಾ? ಆ ಮೀನು ಬಲೆ ಕಡಿಯುವಾಗಲೂ ಹೀಗೇ ಇರ್ತದಾ?"

ಮೀನುಗಾರ ಕೋಲನ್ನು ಕೆಳಗಿಟ್ಟ. ಮರುದಿನ ಇಕ್ಕಟ್ಟಾದ ಬಿದಿರಿನ ಕೊಳವೆಯೊಂದನ್ನು ಅಲ್ಲಲ್ಲಿ ಸೀಳಿ, ನೀರೊಳಗೇ ಹಿಡಿದು, ಅಂಥದ್ದೇ ಇನ್ನೊಂದು ಮೀನನ್ನು ಅದಕ್ಕೆ ನುಗ್ಗಿಸಿದ. ಉಬ್ಬಲು ಜಾಗವಿರಲಿಲ್ಲ. ಈಜುವಾಗ ಹೇಗಿತ್ತೋ ಹಾಗೇ ನಿಂತಿತು. ನೀರುನಾಯಿಗಳು ಸೀಳಿನಲ್ಲಿ ಇಣುಕಿ ನೋಡಿದವು. ಸಂಜೆಯೊಳಗೆ ಬಲೆಯ ಸುತ್ತ ಒಬ್ಬ ಕಳ್ಳನೂ ಉಳಿಯಲಿಲ್ಲ.

ಚೈತ್ರಾಳಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ವೈರಸ್ಸಿನಿಂದ ಬಿಡಿಸಿದೊಡನೆ ಆ ಪ್ರೋಟೀನು ಬಿಚ್ಚಿಕೊಂಡು ಆಕಾರ ಕೆಡಿಸಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಅದರ ಮೂಲ ಆಕಾರ ಅಲುಗದಂತೆ ಬಿಗಿಯಲು ಇನ್ನೂ ಒಂದು ವರ್ಷ ಬೇಕೆಂದು, ಬಿಚ್ಚಿಕೊಂಡದ್ದನ್ನೇ ಇಲಿಗಳಿಗೆ ಚುಚ್ಚಿದ್ದಳು.

"ಆದರೂ ಸರ್, ಇಲಿಗಳು..." ಎಂದಳು.

ಮೇಷ್ಟ್ರು ಪತ್ರದ ಮೇಲಿನ ಲೋಟ ಎತ್ತಿದರು.

"ನಿನ್ನ ಇಲಿಗಳು ಸೋಮಾರಿಗಳಲ್ಲ ಮಾರಾಯ್ತಿ, ನೀನು ತೋರಿಸಿದ ಚೆಂಡಿಗೆ ಸರಿಯಾಗಿ ತೆಂಗಿನಕಾಯಿ ತಂದಿವೆ."